ಮೂರೇ ದಿನಕ್ಕೆ ಎದ್ದವನ ಕಥೆ

ನಮ್ಮ ಜನರಲ್ ಮ್ಯಾನೇಜರ್ ಆಸ್ಟ್ರಿಯಾದವನು. ಅದು ಅವನ ತಪ್ಪಲ್ಲ, ಮನುಷ್ಯ ಎಂದ ಮೇಲೆ ಎಲ್ಲಾದರೂ ಹುಟ್ಟಲೇಬೇಕು. ಆದರೆ ತನ್ನ ದೇಶದಲ್ಲಿ ಹಿಮದ ಮೇಲೆ ಜಾರಿ ಯಾರು ಯಾರು ಪದಕ ಗೆದ್ದಿದ್ದಾರೋ ಆ ಎಲ್ಲ ಪದಕಗಳಲ್ಲೂ ತನಗೊಂದು ಪಾಲಿದೆ ಎಂಬಂತೆ ಅವನು ಓಡಾಡುತ್ತಿದ್ದ. ನಮ್ಮದು ದೊಡ್ಡ ಕಟ್ಟಡಗಳಿಗೆ ಹೊರಗಿನಿಂದ ಗಾಜು ಹೊದಿಸುವ ಕಂಪನಿ. ದುಬೈಯ ಅಲ್ ಬರ್ಷಾದಲ್ಲಿರುವ ಆಫೀಸಿಗೆ ಬಂದವರಿಗೆ ಮೊದಲು ಕಾಣುತ್ತಿದ್ದದ್ದು ನಾವು ಮುಗಿಸಿದ ಕಟ್ಟಡಗಳ ಚಿತ್ರಗಳು. ಇವನು ಬಂದ ಎರಡನೇ ತಿಂಗಳಿಗೆ ಅವೆಲ್ಲ ಚಹಾ ಮಾಡುವ ಕೋಣೆಯ ಗೋಡೆಗೆ ಹೋದವು. ಅವುಗಳ ಜಾಗಕ್ಕೆ ಹೆಲ್ಮೆಟ್ ಹಾಕಿದ, ಮೈಗಂಟಿದ ಬಟ್ಟೆಯ, ಮಂಡಿ ಮಡಚಿ ಇಳಿಜಾರಿನಲ್ಲಿ ನುಗ್ಗುವ ಆಸ್ಟ್ರಿಯನ್ನರು ಬಂದರು. ಹೊರಗೆ ನಲವತ್ತಾರು ಡಿಗ್ರಿ ಬಿಸಿಲು, ಒಳಗೆ ಗೋಡೆ ತುಂಬ ಹಿಮ. ನೋಡಿದವರು "ಬ್ಯೂಟಿಫುಲ್ ಸರ್" ಅನ್ನುತ್ತಿದ್ದರು. ಮೊದಲು ಅಂದವನು ನಾನೇ.

ನನ್ನ ಕೆಲಸ ಸೇಫ್ಟಿ. ಹೆಸರು ದೊಡ್ಡದು. ಕೆಲಸಗಾರರು ಹೆಲ್ಮೆಟ್ಟಿನ ಪಟ್ಟಿ ಕಟ್ಟಿದ್ದಾರೋ ಇಲ್ಲವೋ ನೋಡುವುದು, ಕಾಗದ ತುಂಬುವುದು, ಬೆಳಗಿನ ಸಭೆಯಲ್ಲಿ ದೊಡ್ಡವರ ಇಂಗ್ಲಿಷನ್ನು ಸಣ್ಣವರ ಭಾಷೆಗೆ ತರುವುದು. ಊರಿನಲ್ಲಿ, ಉಡುಪಿಯ ಕಡೆ, ನಾಲ್ಕು ವರ್ಷ ಕನ್ನಡ ಮೇಷ್ಟ್ರಾಗಿದ್ದೆ. ಆಮೇಲೆ ಹದಿನೆಂಟು ವರ್ಷ ಇಲ್ಲೇ. ಆ ನಾಲ್ಕು ವರ್ಷದ ಗುಂಗು ಮಾತ್ರ ಬಿಟ್ಟಿಲ್ಲ. ಎದುರಿಗೆ ಇಪ್ಪತ್ತು ಜನ ಸಾಲಾಗಿ ನಿಂತರೆ ಸಾಕು, ನನಗೆ ಪಾಠ ಮಾಡುವ ಉಮೇದು ಬರುತ್ತದೆ. ನಮ್ಮ ಕಡೆಯವರು ಸೈಟಿನಲ್ಲಿ ನನ್ನನ್ನು ಇವತ್ತಿಗೂ ಮಾಷ್ಟ್ರೇ ಎಂದೇ ಕರೆಯುತ್ತಾರೆ. ಅದು ನನಗೆ ಹಿತವಾಗಿಯೇ ಇತ್ತು.

ಸೋಮವಾರ ಬೆಳಿಗ್ಗೆ ಆರು ಗಂಟೆಗೆ ಸೈಟಿನಲ್ಲಿ ಸಭೆ. ಕೆಲಸ ಶುರುವಾಗುವ ಮೊದಲು ಹತ್ತು ನಿಮಿಷ ಸುರಕ್ಷತೆಯ ಬಗ್ಗೆ ಹೇಳಬೇಕು, ಅದು ನಿಯಮ. ಹಿಂದಿನ ಮ್ಯಾನೇಜರುಗಳು ಆ ಸಭೆಗೆ ಬರುತ್ತಿರಲಿಲ್ಲ, ಮಲಗಿರುತ್ತಿದ್ದರು, ಅದರಿಂದ ಯಾರಿಗೂ ತೊಂದರೆಯಿರಲಿಲ್ಲ. ಇವನು ಬಂದ. ಬಂದವನು ಹಗ್ಗ, ಬೆಲ್ಟು, ಏಣಿ ಒಂದನ್ನೂ ಕೇಳಲಿಲ್ಲ. ತನ್ನ ದೇಶದ ವೀರರ ಕಥೆ ಶುರು ಮಾಡಿದ. ಅವನ ಹತ್ತಿರ ಇದ್ದದ್ದು ಮೂರೇ ಕಥೆ. ರೇಸಿನ ಕಾರಿನಲ್ಲಿ ಬೆಂಕಿಗೆ ಸಿಕ್ಕಿ ಮುಖ ಸುಟ್ಟುಕೊಂಡವನು, ಗಾಯ ಒಣಗುವ ಮೊದಲೇ ಮತ್ತೆ ಸ್ಟೀರಿಂಗ್ ಹಿಡಿದದ್ದು. ಕಾರು ಗುದ್ದಿ ಮಂಡಿ ಹಾಳಾದ ಟೆನಿಸ್ ಆಟಗಾರ ಮರಳಿ ಬಂದು ಜಗತ್ತಿಗೇ ಮೊದಲಿಗನಾದದ್ದು. ಮೂರನೆಯದು ಇವನಿಗೆ ಪಂಚಪ್ರಾಣ. ಒಲಿಂಪಿಕ್ಸಿನಲ್ಲಿ ಒಬ್ಬ ಸ್ಕೀಯರ್ ತಿರುವಿನಲ್ಲಿ ಆಯ ತಪ್ಪಿ ಗಾಳಿಯಲ್ಲಿ ಹಾರಿ, ತಲೆ ಕೆಳಗಾಗಿ ಕಾಲು ಮೇಲಾಗಿ ಬಲೆಗಳನ್ನು ಹರಿದುಕೊಂಡು ಹೋಗಿ ಬಿದ್ದದ್ದು, ಸತ್ತೇ ಹೋದ ಎಂದು ಜನ ಬಾಯಿ ಮೇಲೆ ಕೈಯಿಟ್ಟದ್ದು, ಅವನು ಎದ್ದು ಹಿಮ ಕೊಡವಿಕೊಂಡದ್ದು, ಮೂರೇ ದಿನಕ್ಕೆ ಮತ್ತೆ ಇಳಿದು ಚಿನ್ನ ಗೆದ್ದದ್ದು, ಅದಾದ ಮೇಲೆ ಇನ್ನೊಂದು ಚಿನ್ನ.

ಆ ಕ್ರೀಡಾಪಟುಗಳ ಮೇಲೆ ನನಗೆ ಏನೂ ಸಿಟ್ಟಿಲ್ಲ. ಬಿದ್ದರು, ಎದ್ದರು, ಗೆದ್ದರು, ಅವರ ಬೆವರು ಅವರದು. ನನಗೆ ಅಸಹ್ಯ ಇದ್ದದ್ದು ಆ ಬೆವರನ್ನು ಅತ್ತರಿನಂತೆ ಮೈಗೆ ಹಚ್ಚಿಕೊಂಡು ತಿರುಗುವ ಈ ಮನುಷ್ಯನ ಮೇಲೆ. ಇವನು ಸ್ವತಃ ಏನು ಗೆದ್ದಿದ್ದ? ನಮ್ಮ ಆಫೀಸಿನ ಹತ್ತಿರದ ದೊಡ್ಡ ಮಾಲಿನೊಳಗೆ ಹಿಮದ ಒಂದು ಇಳಿಜಾರಿದೆ, ಮರಳುಗಾಡಿನಲ್ಲಿ ಫ್ರಿಜ್ಜಿನ ಬಾಗಿಲು ತೆರೆದಿಟ್ಟ ಹಾಗೆ. ಒಮ್ಮೆ ಆಫೀಸಿನವರನ್ನೆಲ್ಲ ಅಲ್ಲಿಗೆ ಕರೆದುಕೊಂಡು ಹೋದ. ನಾವು ಬಾಡಿಗೆಯ ಕೋಟು ಹಾಕಿಕೊಂಡು ಬಾತುಕೋಳಿಗಳಂತೆ ನಡೆದೆವು. ಇವನು ಸ್ವಂತ ಜಾಕೀಟು, ಸ್ವಂತ ಕನ್ನಡಕ, ಸ್ವಂತ ಸ್ಕೀ. ಮೇಲಿನಿಂದ ಇಳಿದ, ಒಪ್ಪುತ್ತೇನೆ, ಬೀಳದೆ ಇಳಿದ. ಅವನ ಪಕ್ಕದಲ್ಲಿ ಏಳೆಂಟು ವರ್ಷದ ಒಂದು ಹುಡುಗಿಯೂ ಬೀಳದೆ ಇಳಿದಳು, ಅವನಿಗಿಂತ ಮೊದಲೇ ಕೆಳಗೆ ಮುಟ್ಟಿದಳು. ನಾವು ಚಪ್ಪಾಳೆ ತಟ್ಟಿದ್ದು ಅವನಿಗೆ. ನನ್ನ ಕೈಗವಸು ಒದ್ದೆಯಾಗಿತ್ತು, ಆದ್ದರಿಂದ ಶಬ್ದ ಬರಲಿಲ್ಲ. ಅದಕ್ಕೆ ನಾನು ಕೈಗವಸು ತೆಗೆದು ತಟ್ಟಿದೆ. ಇದನ್ನು ಬರೆಯುವಾಗಲೂ ಮುಖ ಬಿಸಿಯಾಗುತ್ತದೆ.

ಆವತ್ತು ಮನೆಗೆ ಬಂದು ಊಟಕ್ಕೆ ಕುಳಿತಾಗ ಈ ಮೂರು ದಿನದ ವೀರನ ಕಥೆಯನ್ನು ಹೆಂಡತಿ ಮಗಳಿಗೂ ಹೇಳಿದೆ. ಮಗಳು ಹತ್ತನೇ ಕ್ಲಾಸು, ಯಾವ ಕಥೆ ಹೇಳಿದರೂ ಫೋನಿನಲ್ಲಿ ನೋಡಿ ಖಚಿತ ಮಾಡಿಕೊಳ್ಳುವ ಜಾತಿ.

"ಪಪ್ಪಾ, ಯು ಲೆಫ್ಟ್ ಔಟ್ ದ ಮೇನ್ ಥಿಂಗ್," ಅಂದಳು. "ಅವನ ನೆಕ್ಸ್ಟ್ ರೇಸ್ ಪೋಸ್ಟ್‌ಪೋನ್ ಆಯ್ತಂತೆ, ಬಿಕಾಸ್ ಆಫ್ ವೆದರ್. ಸೋ ಹಿ ಗಾಟ್ ಟು ರೆಸ್ಟ್. ಇಲ್ಲಾಂದ್ರೆ ಹಿ ಕುಡಂಟ್ ಹ್ಯಾವ್."

ನೋಡಿದೆ. ನಿಜ. ಹವಾಮಾನ ಕೆಟ್ಟು ಸ್ಪರ್ಧೆ ಮುಂದಕ್ಕೆ ಹೋಗಿತ್ತು. ಆ ಮನುಷ್ಯ ನೋವು ತಿನ್ನುತ್ತಾ ಆದರೂ ವಿಶ್ರಾಂತಿ ತೆಗೆದುಕೊಂಡಿದ್ದ. ಸುತ್ತ ವೈದ್ಯರಿದ್ದರು. ಸಾಹೇಬ ತನ್ನ ಇಂಗ್ಲಿಷಿನಲ್ಲಿ ಅದನ್ನೂ ಹೇಳುತ್ತಿದ್ದನೋ ಇಲ್ಲವೋ ನನಗೆ ಈಗ ನೆನಪಿಲ್ಲ. ಆದರೆ ನನಗೆ ಗೊತ್ತಿತ್ತು. ಗೊತ್ತಾದ ಮೇಲೂ ಮುಂದಿನ ಸೋಮವಾರ ಆ ಭಾಗ ಹೇಳಲಿಲ್ಲ. ಹೇಳಿದರೆ ಕಥೆ ಸಪ್ಪೆಯಾಗುತ್ತಿತ್ತು. ಅಷ್ಟೇ ಕಾರಣ, ಬೇರೇನೂ ಇಲ್ಲ. ಮೊದಲು ಹಿಂದಿಯಲ್ಲಿ ಎಲ್ಲರಿಗೂ ಹೇಳಿ, ಆಮೇಲೆ ನಮ್ಮ ಕರಾವಳಿಯ ಹತ್ತು ಹನ್ನೆರಡು ಜನಕ್ಕೆ ಕನ್ನಡದಲ್ಲಿ, ಕೈಕಾಲು ಆಡಿಸಿ, ಹಾರಿ ಬಿದ್ದದ್ದನ್ನು ಮಾಡಿ ತೋರಿಸಿ ಹೇಳಿದೆ. ಸಾಹೇಬನಿಗೆ ಒಂದು ಅಕ್ಷರ ಅರ್ಥವಾಗದಿದ್ದರೂ ನಾನು ಕುಣಿಯುವುದನ್ನು ನೋಡಿ ಖುಷಿಯಾಗಿ ಬೆನ್ನು ತಟ್ಟಿದ.

ಆ ಹತ್ತು ಹನ್ನೆರಡು ಜನರಲ್ಲಿ ಒಬ್ಬರು ಕಾಕಾ. ಮಂಗಳೂರಿನಾಚೆಯ ಬ್ಯಾರಿ, ನನಗಿಂತ ಏಳೆಂಟು ವರ್ಷ ದೊಡ್ಡವರು, ಐವತ್ತೈದರ ಹತ್ತಿರ. ಸೈಟಿನಲ್ಲಿ ಎಲ್ಲರಿಗೂ ಅವರು ಕಾಕಾನೇ. ಗಾಜಿನ ಹಲಗೆಗಳ ನಡುವಿನ ಸಂದಿಗೆ ಸಿಲಿಕೋನ್ ತುಂಬುವ ಕೆಲಸ. ನೆಲಮಟ್ಟದ ಸಂದಿ ಇದ್ದಲ್ಲಿ ಮಂಡಿಯೂರಿ, ಒಂದೇ ಉಸಿರಿಗೆ ಕೈ ನಡುಗದೆ ಎಳೆದರೆ ಗೆರೆ ಬಿಡಿಸಿದ ಹಾಗೆ ಬರಬೇಕು. ಅವರ ಗೆರೆಯನ್ನು ನೋಡಿ ತಿದ್ದಲು ಯಾರಿಗೂ ಏನೂ ಉಳಿಯುತ್ತಿರಲಿಲ್ಲ. ಇಂಗ್ಲಿಷು ಅವರಿಗೆ ಬಾರದು. ಹಿಂದಿ, ಮಲಯಾಳಂ, ಕೆಲಸ ನಡೆಸುವಷ್ಟು ಅರಬ್ಬಿ, ನನ್ನ ಜೊತೆ ಕನ್ನಡ.

ಕಥೆ ಮುಗಿದ ಮೇಲೆ ಅವರು ನನ್ನ ಹತ್ತಿರ ಬಂದರು.

"ಎಂತ ಮಾಷ್ಟ್ರೇ, ಅವ ಮನುಷ್ಯನಾ ಜಿನ್ನಾ?"

"ಮನುಷ್ಯನೇ ಕಾಕಾ. ಅಲ್ಲಿಯ ಹಳ್ಳಿಯವ."

"ಮೂರೇ ದಿನಕ್ಕೆ ಎದ್ದದ್ದು?"

"ಮೂರೇ ದಿನ."

"ಮದ್ದು ಎಂತ ಮಾಡಿದ್ರಂತೆ?"

"ಮನಸ್ಸೇ ಮದ್ದು," ಅಂದೆ. ಮೇಷ್ಟ್ರಲ್ಲವೇ, ಇಂಥ ಮಾತು ನಾಲಗೆ ತುದಿಯಲ್ಲೇ ಇರುತ್ತದೆ. ಕಾಕಾ ತಲೆದೂಗಿದರು. ನನ್ನ ಮಾತಿಗೆ ಇಷ್ಟು ಬೆಲೆ ಕೊಡುವ ಮನುಷ್ಯ ಇಡೀ ದುಬೈಯಲ್ಲಿ ಬೇರೆ ಇರಲಿಲ್ಲ.

ಆಮೇಲೆ ಎರಡು ತಿಂಗಳಿಗೆ ಕಾಕಾ ಬಿದ್ದರು. ಎತ್ತರದಿಂದಲ್ಲ. ಲಾರಿಯಿಂದ ಸಾಮಾನು ಇಳಿಸುವಾಗ ಕಾಲು ಅಲ್ಯುಮಿನಿಯಂ ಪಟ್ಟಿಯ ಮೇಲೆ ಬಿದ್ದು ಜಾರಿ, ಮಂಡಿ ಹೊರಳಿತು. ಸೈಟಿನ ಕ್ಲಿನಿಕ್ಕಿನ ಡಾಕ್ಟರು ಊದಿದ ಮಂಡಿಯನ್ನು ಒತ್ತಿ ನೋಡಿ, ನೋವಿನ ಮಾತ್ರೆ ಕೊಟ್ಟು, ಸ್ಕ್ಯಾನ್ ಆಗಬೇಕು, ಅಲ್ಲಿಯವರೆಗೆ ಕಾಲಿಗೆ ಭಾರ ಬೇಡ ಎಂದು ಚೀಟಿ ಬರೆದರು. ಕೆಲಸದಲ್ಲಾದ ಪೆಟ್ಟಿಗೆ ಸ್ಕ್ಯಾನ್ ಆಗಬೇಕಾದರೆ ಕಂಪನಿಯಿಂದ ಅಪಘಾತದ ವರದಿ ಹೋಗಬೇಕು. ಅದನ್ನು ಬರೆಯಬೇಕಾದವನು ನಾನು.

ಇಲ್ಲಿ ಒಂದು ಬೋರ್ಡಿನ ವಿಷಯ ಹೇಳಬೇಕು. ನಮ್ಮಂಥ ಪ್ರತಿ ಸೈಟಿನ ಗೇಟಿನಲ್ಲೂ ಅದು ಇರುತ್ತದೆ. ಅಪಘಾತದಿಂದ ಒಂದೂ ಕೆಲಸದ ದಿನ ನಷ್ಟವಾಗದೆ ಎಷ್ಟು ದಿನ ಕಳೆಯಿತು ಎಂದು ಅದರಲ್ಲಿ ದಿನಾ ಅಂಕಿ ಬದಲಿಸುತ್ತಾರೆ. ಒಬ್ಬನು ಪೆಟ್ಟಾಗಿ ಒಂದು ದಿನ ಮಲಗಿದರೂ ಅಂಕಿ ಸೊನ್ನೆಗೆ ಬರುತ್ತದೆ. ಆದರೆ ಪೆಟ್ಟಾದವನು ಮರುದಿನ ಹೇಗೋ ಗೇಟಿಗೆ ಬಂದು ಕಾರ್ಡು ತೋರಿಸಿ, ಒಳಗೆ ಹೋಗಿ ಸಂಜೆ ತನಕ ಸುಮ್ಮನೆ ಕುಳಿತರೂ ದಿನ ನಷ್ಟವಾದಂತಲ್ಲ. ಹಾಗಾಗಿ ಕಾಲು ಮುರಿದವರನ್ನು ಹೊತ್ತು ತಂದು ಕೂರಿಸುವ ಪದ್ಧತಿ ಈ ದಂಧೆಯಲ್ಲಿ ಹಳೆಯದು. ಅದಕ್ಕೆ ಲೈಟ್ ಡ್ಯೂಟಿ ಎಂದು ಹೆಸರು. ನಮ್ಮ ಬೋರ್ಡಿನ ಅಂಕಿ ಆಗ ಚೆನ್ನಾಗಿ ಬೆಳೆದಿತ್ತು. ಕಟ್ಟಡದ ಮಾಲೀಕರು ಅದಕ್ಕೊಂದು ಪ್ರಶಸ್ತಿ ಕೊಡುವವರಿದ್ದರು. ಹೋಟೆಲಿನಲ್ಲಿ ಸಮಾರಂಭ, ಫಲಕ, ಫೋಟೋ.

ಸಾಹೇಬ ನನ್ನನ್ನು ಕರೆದ. "ನಾಳೆ ಅವನು ಬಂದು ಕುಳಿತರೆ ಸಾಕು, ಏನೂ ಮಾಡುವುದು ಬೇಡ," ಅಂದ. "ನಮ್ಮ ಸ್ಕೀಯರನ ಕಥೆ ಅವನಿಗೆ ನೆನಪು ಮಾಡು. ನೀನು ಅದನ್ನು ಚೆನ್ನಾಗಿ ಹೇಳುತ್ತೀ." ನಾನು ಬಾಗಿಲ ತನಕ ಹೋದ ಮೇಲೆ, ಫೋನಿನಿಂದ ತಲೆಯೆತ್ತದೆ, "ಆಗದಿದ್ದರೆ ಬೇಡ, ಮಲಗಲಿ. ನೋಡಿ ನನಗೆ ಹೇಳು," ಎಂದೂ ಸೇರಿಸಿದ.

ಈ ಕೊನೆಯ ಮಾತನ್ನು ನಾನು ಲೆಕ್ಕಕ್ಕೆ ಹಿಡಿಯಲಿಲ್ಲ. ಹದಿನೆಂಟು ವರ್ಷದ ಗಲ್ಫಿನ ವಿದ್ಯೆ ನನ್ನದು. ಸಾಹೇಬ ಮೊದಲು ಹೇಳಿದ್ದು ಆಜ್ಞೆ, ಬಾಗಿಲಲ್ಲಿ ಹೇಳಿದ್ದು ಬರಿಯ ಮರ್ಯಾದೆ. ಇಷ್ಟು ತಿಳಿಯದವನು ಇಲ್ಲಿ ಒಂದು ವೀಸಾ ಮುಗಿಯುವ ತನಕವೂ ಬಾಳುವುದಿಲ್ಲ ಎಂದು ಹೊಸಬರಿಗೆ ಪಾಠ ಹೇಳುತ್ತಿದ್ದವನು ನಾನು. ಅವನು ಕಪಟಿ, ತೋರಿಕೆಗೆ ಹೇಳುತ್ತಾನೆ ಎಂದು ಮನಸ್ಸಿನಲ್ಲೇ ಉಗಿದು, ಕೆಲಸಗಾರರ ಕ್ಯಾಂಪಿರುವ ಮುಹೈಸ್ನಾದ ಬಸ್ಸು ಹಿಡಿದೆ.

ಮುಹೈಸ್ನಾದ ಕ್ಯಾಂಪಿನ ಕೋಣೆಯಲ್ಲಿ ಎಂಟು ಜನ. ಕಾಕಾ ಕೆಳಗಿನ ಮಂಚದಲ್ಲಿ, ಮಡಚಿದ ಕಂಬಳಿಯ ಮೇಲೆ ಕಾಲಿಟ್ಟು ಮಲಗಿದ್ದರು. ಮಂಡಿ ತೆಂಗಿನಕಾಯಿ ಗಾತ್ರಕ್ಕೆ ಬಾತಿತ್ತು. ನನ್ನನ್ನು ನೋಡಿ ಏಳಲು ಹೋದರು. "ಮಲಗಿ ಕಾಕಾ" ಎಂದೆ. ಅಷ್ಟು ಸೌಜನ್ಯ ನನ್ನಲ್ಲಿತ್ತು.

"ಸಾಹೇಬ ಕಳಿಸಿದ್ದಾ?"

"ಹೌದು. ನೀವು ನಾಳೆ ಬರ್ಬೇಕಂತೆ. ಕೆಲಸ ಎಂತ ಇಲ್ಲ, ಕೂತುಕೊಳ್ಳುವುದು ಮಾತ್ರ. ಪಿಕಪ್ ಬರ್ತದೆ."

"ಡಾಕ್ಟ್ರು ಕಾಲು ಊರ್ಬೇಡಿ ಹೇಳಿದ್ದಾರೆ ಮಾಷ್ಟ್ರೇ."

"ಎರಡು ದಿನದ ಮಾತು. ಆ ಹಿಮದಲ್ಲಿ ಬಿದ್ದವ ಇಲ್ವಾ? ಅವನಿಗೂ ಡಾಕ್ಟ್ರು ಬೇಡ ಹೇಳಿರ್ಲಿಕ್ಕಿಲ್ವಾ?"

ಕಾಕಾ ಮಂಡಿಯ ಮೇಲೆ ಕೈಯಿಟ್ಟರು. "ನನಗೆ ಚಿನ್ನ ಗಿನ್ನ ಬೇಡ," ಅಂದರು. "ಇದು ಮಡಚಿದ್ರೆ ಸಾಕು. ಕೆಲಸವೂ ಮಂಡಿಯಲ್ಲಿ, ನಮಾಜೂ ಮಂಡಿಯಲ್ಲಿ. ಬೇರೆಂತ ಉಂಟು ನನಗೆ? ಸರಿಯಾಗ್ತದಲ್ಲ ಮಾಷ್ಟ್ರೇ?"

"ಖಂಡಿತ ಆಗ್ತದೆ."

"ಸಾಹೇಬ ಬೇರೆಂತ ಹೇಳಿದ?"

"ಬೇರೆಂತ ಇಲ್ಲ," ಅಂದೆ.

ಮರುದಿನ ಅವರು ಬಂದರು. ಇಬ್ಬರು ಹುಡುಗರು ಪಿಕಪ್ಪಿನಿಂದ ಇಳಿಸಿ, ಗೇಟಿನಲ್ಲಿ ಕಾರ್ಡು ತೋರಿಸಲು ನಿಲ್ಲಿಸಿ, ಸೈಟಿನ ಆಫೀಸಿನ ಹರಕು ಸೋಫಾದಲ್ಲಿ ಕೂರಿಸಿದರು. ಬೋರ್ಡಿನ ಅಂಕಿ ಒಂದು ಹೆಚ್ಚಾಯಿತು. ಸಾಹೇಬ ಬಂದು ನೋಡಿ ಹೆಬ್ಬೆರಳು ಎತ್ತಿ ತೋರಿಸಿದ, ಕಾಕಾನೂ ಹೆಬ್ಬೆರಳು ಎತ್ತಿ ತೋರಿಸಿದರು. ಸಾಹೇಬ ನನ್ನ ಕಡೆ ತಿರುಗಿ "ಅವನು ಆರಾಮವಾಗಿದ್ದಾನೆಯೇ?" ಎಂದು ಕೇಳಿದ. ನಾನು "ಪರ್ಫೆಕ್ಟ್ ಸರ್" ಅಂದೆ. ಕಾಕಾನನ್ನು ಕೇಳಿ ಹೇಳಿದ್ದಲ್ಲ.

ಎರಡು ದಿನದ ಮಾತು ಐದು ವಾರವಾಯಿತು. ನಾಲ್ಕನೇ ದಿನಕ್ಕೇ ಕಾಕಾ ಸೋಫಾದಿಂದ ಎದ್ದು ಕುಂಟುತ್ತಾ ಅಲ್ಲಿ ಇಲ್ಲಿ ಕೆಲಸಕ್ಕೆ ಕೈ ಹಾಕತೊಡಗಿದರು. ಸುಮ್ಮನೆ ಕೂರಲು ಅವರಿಗೆ ನಾಚಿಕೆ. ಉಳಿದವರು ಬೆವರುವಾಗ ತಾನು ಏಸಿಯಲ್ಲಿ ಕುಳಿತಿರುವುದು ಹರಾಮ್ ಎನ್ನುತ್ತಿದ್ದರು. ನಾನು ಬೇಡ ಎಂದು ಗಟ್ಟಿಯಾಗಿ ಹೇಳಲಿಲ್ಲ. ಓಡಾಡುವ ರೋಗಿ ಕಾಗದದ ಮೇಲೆ ಇನ್ನೂ ಚೆನ್ನಾಗಿ ಕಾಣುತ್ತಾನೆ. ಡಾಕ್ಟರ ಚೀಟಿ ನನ್ನ ಡ್ರಾಯರಿನಲ್ಲಿತ್ತು. ವರದಿ ಹೋದರೆ ಆಸ್ಪತ್ರೆಯವರು ಮಲಗಿಸುತ್ತಾರೆ, ಅಂಕಿ ಸೊನ್ನೆಗೆ ಬರುತ್ತದೆ. ಸಮಾರಂಭ ಮುಗಿದ ಮರುದಿನ ವರದಿ ಕಳಿಸುತ್ತೇನೆ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ನೋವಿನ ಮಾತ್ರೆಯನ್ನು ಮಾತ್ರ ತಪ್ಪದೆ ತಂದುಕೊಡುತ್ತಿದ್ದೆ, ಒಮ್ಮೊಮ್ಮೆ ಜೊತೆಗೆ ಮನೆಯ ನೀರುದೋಸೆಯನ್ನೂ. ಡಬ್ಬಿ ಕಟ್ಟಿಕೊಡುತ್ತಾ ನನ್ನ ಹೆಂಡತಿ ಒಂದು ದಿನ ಕೇಳಿದಳು:

"ದೋಸೆ ತಿಂದ್ರೆ ಮಂಡಿ ಸರಿಯಾಗ್ತದಾ? ಆಸ್ಪತ್ರೆಗೆ ಕರ್ಕೊಂಡು ಹೋಗ್ಲಿಕ್ಕೆ ಎಂತ ದಾಡಿ ನಿಮಗೆ?"

"ಸಾಹೇಬ ಬಿಡುವುದಿಲ್ಲ."

"ಕೇಳಿದ್ರಾ ನೀವು?"

"ಅದು ಕೇಳುವ ವಿಷಯ ಅಲ್ಲ ಮಾರಾಯ್ತಿ, ನಿನಗೆ ಗೊತ್ತಾಗುದಿಲ್ಲ," ಎಂದು ಸಿಡುಕಿದೆ. ಆಮೇಲೆ ಅರ್ಧ ಗಂಟೆ ಸಾಹೇಬನನ್ನು ಬೈದೆ. ಇಂಥವರಿಗೆ ಕರುಣೆಯೆಂಬುದಿಲ್ಲ, ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವವರು, ಗೋಡೆಯ ಮೇಲೆ ವೀರರ ಚಿತ್ರ ಹಾಕಿ ಕೆಳಗೆ ಕುಂಟರನ್ನು ದುಡಿಸುವವರು. ಬೈಯುವುದರಲ್ಲಿ ನನಗೊಂದು ಸುಖವಿತ್ತು. ಅವನನ್ನು ಎಷ್ಟು ಕೀಳಾಗಿ ಕಾಣುತ್ತೇನೋ ಅಷ್ಟು ನಾನು ಮೇಲೆ ಏರುತ್ತೇನೆ ಎಂಬ ಭ್ರಮೆ. ಹೆಂಡತಿ ಪೂರ್ತಿ ಕೇಳಿಸಿಕೊಳ್ಳದೆ ಎದ್ದು ಹೋದಳು.

ಪ್ರಶಸ್ತಿಯ ಸಮಾರಂಭ ಒಂದು ಸಂಜೆ. ಸಾಹೇಬನಿಗೆ ಹೊಸ ಯೋಚನೆ ಬಂದಿತ್ತು. ಪೆಟ್ಟಾದರೂ ಒಂದು ದಿನವೂ ಕೆಲಸ ತಪ್ಪಿಸದ ಕಾಕಾನನ್ನು ವೇದಿಕೆಗೆ ಕರೆದು "ನಮ್ಮ ಚಾಂಪಿಯನ್" ಎಂದು ತೋರಿಸುವುದು, ತನ್ನ ಆ ಸ್ಕೀಯರನ ಚಿತ್ರಕ್ಕೆ ಕಟ್ಟು ಹಾಕಿಸಿ ಉಡುಗೊರೆ ಕೊಡುವುದು. ಎಂಟು ಜನ ಮಲಗುವ ಕೋಣೆಯಲ್ಲಿ ಅದನ್ನು ಎಲ್ಲಿ ತೂಗುಹಾಕಬೇಕೋ ದೇವರೇ ಬಲ್ಲ. ನಾನು ನಕ್ಕೆ ಎಂದುಕೊಂಡಿರಾ? "ನಮ್ಮ ಕಡೆ ಇಂಥವರಿಗೆ ಶಾಲು ಹೊದಿಸುತ್ತೇವೆ ಸರ್" ಎಂದೆ. ಶಾಲನ್ನು ನಾನೇ ಹೋಗಿ ತಂದೆ, ಪೇಟವನ್ನೂ ತಂದೆ. ಮೂವತ್ತು ಜನ ಸೇರಿದರೆ ಒಬ್ಬನನ್ನು ಹಿಡಿದು ಸನ್ಮಾನ ಮಾಡದೆ ಬಿಡದ ಜನ ನಾವು.

ವೇದಿಕೆಗೆ ಮೂರು ಮೆಟ್ಟಿಲು. ಕಾಕಾ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದರು. ಒಂದೊಂದು ಮೆಟ್ಟಿಲಿಗೂ ಒಳ್ಳೆಯ ಕಾಲನ್ನು ಮೊದಲು ಇಟ್ಟು, ಇನ್ನೊಂದನ್ನು ಕೋಲಿನಂತೆ ನೆಟ್ಟಗೆ ಎಳೆದುಕೊಂಡರು. ಅದನ್ನು ನೋಡಿ ಜನ ಚಪ್ಪಾಳೆ ತಟ್ಟಿದರು. ಸಾಹೇಬ ಮೂರು ದಿನದ ಕಥೆಯನ್ನು ಮತ್ತೊಮ್ಮೆ ಹೇಳಿದ, ಶಾಲು ಹೊದಿಸಿದ, ಪೇಟ ಓರೆಯಾಗಿ ಇಟ್ಟ, ಚಿತ್ರ ಕೈಗಿತ್ತ. ನಂತರ ಎರಡು ಮಾತಾಡು ಎಂದು ಮೈಕನ್ನು ಕಾಕಾನ ಮುಂದೆ ಹಿಡಿದು, ಅದನ್ನು ಇಂಗ್ಲಿಷಿಗೆ ತರಲು ನನ್ನನ್ನು ಪಕ್ಕಕ್ಕೆ ಕರೆದ.

ಕಾಕಾ ಮೈಕನ್ನು ನೋಡಲಿಲ್ಲ, ನನ್ನನ್ನು ನೋಡಿ ಮಾತಾಡಿದರು.

"ಮಾಷ್ಟ್ರೇ, ಸಾಹೇಬನಿಗೆ ಒಂದು ಹೇಳಿ. ಶಾಲು ಕೊಟ್ಟದ್ದು ಸಂತೋಷ. ಆದ್ರೆ ಮಂಡಿ ಮಡಚ್ಲಿಕ್ಕೆ ಆಗುದಿಲ್ಲ, ರಾತ್ರಿ ನಿದ್ರೆಯೂ ಇಲ್ಲ. ಒಂದು ತಿಂಗಳು ರಜೆ ಕೊಟ್ರೆ ಊರಿಗೆ ಹೋಗಿ ತೋರಿಸಿಕೊಂಡು ಬರ್ತೇನೆ. ಅಷ್ಟು ಹೇಳಿ, ಸಾಕು."

ಸಭೆ ನನ್ನ ಬಾಯಿ ನೋಡುತ್ತಿತ್ತು. ಮುಂದಿನ ಸಾಲಿನಲ್ಲಿ ಕಟ್ಟಡದ ಮಾಲೀಕರು, ಪಕ್ಕದಲ್ಲಿ ಫಲಕ. ನಾನು ಮೈಕನ್ನು ಹತ್ತಿರಕ್ಕೆಳೆದುಕೊಂಡು, ತಾನು ಕಂಪನಿಗೆ ಚಿರಋಣಿ, ಆ ಮಹಾನ್ ಕ್ರೀಡಾಪಟುವಿನ ಕಥೆಯೇ ತನ್ನನ್ನು ಎಬ್ಬಿಸಿ ನಿಲ್ಲಿಸಿತು ಎಂದು ಕಾಕಾ ಹೇಳುತ್ತಿದ್ದಾರೆ ಎಂದೆ. ಒಳ್ಳೆಯ ಇಂಗ್ಲಿಷಿನಲ್ಲಿ ಹೇಳಿದೆ. ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಸಾಹೇಬ ಕಾಕಾನನ್ನು ಅಪ್ಪಿಕೊಂಡ. ಕಾಕಾನ ಕಣ್ಣಲ್ಲಿ ನೀರು ಬಂತು.

ಮರುದಿನ ಬೆಳಿಗ್ಗೆ ನಾನು ಇನ್ನೂ ಮೆಟ್ರೋದಲ್ಲಿದ್ದಾಗ ಕಾಕಾನ ಫೋನು.

"ಮಾಷ್ಟ್ರೇ, ಚೀಲ ಕಟ್ಟಿ ಆಯ್ತು. ಟಿಕೇಟು ಯಾವತ್ತಿಗೆ ಅಂತ ಕೇಳಿ ಹೇಳ್ತೀರಾ? ಮನೆಗೆ ಹೇಳಿದ್ದೇನೆ."

"ಎಂತ ಟಿಕೇಟು ಕಾಕಾ?"

"ನಿನ್ನೆ ಸಾಹೇಬ ಒಪ್ಪಿದನಲ್ಲ! ನೀವು ಹೇಳಿದ್ದೇ ಹೇಳಿದ್ದು, ಎಲ್ಲರೂ ಎದ್ದು ನಿಂತ್ರು. ಸಾಹೇಬ ಅಪ್ಪಿಕೊಂಡು ಬಿಟ್ಟ."

ಫೋನಿಟ್ಟು ತಲೆಯೆತ್ತಿದಾಗ ಇಳಿಯಬೇಕಾದ ನಿಲ್ದಾಣ ದಾಟಿ ಎರಡು ನಿಲ್ದಾಣ ಮುಂದೆ ಹೋಗಿದ್ದೆ. ಹೆಂಡತಿಗೆ ಫೋನು ಮಾಡಿ ನಡೆದದ್ದನ್ನೆಲ್ಲ ಹೇಳಿದೆ. ವೇದಿಕೆಯದ್ದು, ಮುಹೈಸ್ನಾದ್ದು, ಡ್ರಾಯರಿನದ್ದು. ಅವಳು ಬೈಯುತ್ತಾಳೆ ಎಂದುಕೊಂಡಿದ್ದೆ. "ದೇವರು ವರ ಕೊಟ್ರೂ ಪೂಜಾರಿ ಕೊಡ ಅಂತ ಕೇಳಿದ್ದೆ, ಈಗ ನೋಡಿದೆ," ಎಂದಷ್ಟೇ ಹೇಳಿ ಫೋನಿಟ್ಟಳು.

ನೆಟ್ಟಗೆ ಸಾಹೇಬನ ಕೋಣೆಗೆ ಹೋದೆ. ಕೆಲಸ ಹೋದರೆ ಹೋಗಲಿ ಎಂದು ಒಂದು ನಿಮಿಷದ ಮಟ್ಟಿಗೆ ನಿಜವಾಗಿಯೂ ಅಂದುಕೊಂಡಿದ್ದೆ. ಕಾಕಾನ ಮಂಡಿ ಮಡಚುವುದಿಲ್ಲ, ಸ್ಕ್ಯಾನ್ ಆಗಿಲ್ಲ, ಒಂದು ತಿಂಗಳು ರಜೆ ಬೇಕು ಎಂದೆ. ಡಾಕ್ಟರ ಚೀಟಿಯನ್ನು ಮೇಜಿನ ಮೇಲಿಟ್ಟೆ. ಅವನು ಚೀಟಿಯ ತಾರೀಖು ನೋಡಿದ, ನನ್ನನ್ನು ನೋಡಿದ.

"ಎರಡು ತಿಂಗಳು ಬೇಕಾದರೂ ಹೋಗಲಿ," ಅಂದ. "ಟಿಕೇಟು ಕಂಪನಿ ಕೊಡುತ್ತದೆ. ಆದರೆ ನೀನು ಅವನು ಆರಾಮವಾಗಿದ್ದಾನೆ ಎಂದಿದ್ದೆ. ಆಗದಿದ್ದರೆ ಹೇಳು ಎಂದು ನಾನು ಅಂದಿರಲಿಲ್ಲವೇ?"

ನಾನು ಚೀಟಿಯನ್ನು ಅವನ ಕಡೆಗೆ ಇನ್ನಷ್ಟು ಸರಿಸಿದೆ.

"ನಿನ್ನೆ ವೇದಿಕೆಯ ಮೇಲೆ ಅವನೇ ಕೇಳಬಹುದಿತ್ತು. ಎಲ್ಲರ ಮುಂದೆ ಅಲ್ಲಿಯೇ ಕೊಡುತ್ತಿದ್ದೆ," ಎಂದ ಅವನು, ಏನೋ ಕಳೆದುಕೊಂಡವನಂತೆ. "ಫೋಟೋ ಇನ್ನೂ ಚೆನ್ನಾಗಿ ಬರುತ್ತಿತ್ತು."

ನೋಡಿ, ಅವನು ಕೊನೆಗೂ ಅವನೇ. ಫೋಟೋದ ಆಸೆ ಅವನನ್ನು ಬಿಡಲಿಲ್ಲ. ಆದರೂ ಆ ಫೋಟೋದ ಆಸೆಯಿಂದಲೇ ಕಾಕಾನ ಮಂಡಿ ಉಳಿಯುತ್ತಿತ್ತು, ಮೊದಲ ದಿನವೇ ಉಳಿಯುತ್ತಿತ್ತು, ನಾನು ನಡುವೆ ಇಲ್ಲದಿದ್ದರೆ. ಅಷ್ಟು ಕಾಲ ಅವನನ್ನು ಹೇಸಿದ್ದೆನಲ್ಲ, ಆ ಹೇಸಿಗೆ ಒಂದು ಹನಿಯೂ ಚೆಲ್ಲದೆ ಪೂರ್ತಿ ನನ್ನ ಮೇಲೆ ಬಂದು ಬಿತ್ತು. ಕೇಳುವ ಮೊದಲೇ ಇಲ್ಲ ಎನ್ನುವ, ಹೇಳದ ಆಜ್ಞೆಯನ್ನು ಪಾಲಿಸುವ ನನ್ನಂಥವರು ಇರುವ ತನಕ ಈ ದೇಶದಲ್ಲಿ ಯಾವ ಸಾಹೇಬನೂ ಕೆಟ್ಟವನಾಗಬೇಕಾದ ಅಗತ್ಯವಿಲ್ಲ.

ಎರಡು ದಿನದಲ್ಲಿ ಕಾಕಾ ಹೋದರು. ಮಂಗಳೂರಿನ ಆಸ್ಪತ್ರೆಯಲ್ಲಿ ಸ್ಕ್ಯಾನ್ ಆಯಿತು. ಒಳಗೆ ಹರಿದದ್ದರ ಮೇಲೆ ಐದು ವಾರ ನಡೆದಾಡಿ ಉಳಿದದ್ದೂ ಸವೆದು ಹೋಗಿತ್ತು. ಆಪರೇಷನ್ ಮಾಡಿದರು. ನಡೆಯಬಹುದು, ಮಂಡಿ ಪೂರ್ತಿ ಮಡಚುವುದು ಇನ್ನು ಕಷ್ಟ, ಮೊದಲ ವಾರವೇ ಬಂದಿದ್ದರೆ ಬೇರೆ ಮಾತು ಎಂದರಂತೆ. ಇದನ್ನು ನನಗೆ ಹೇಳಿದವರು ಕಾಕಾನೇ, ವಾಟ್ಸಾಪಿನಲ್ಲಿ, ಅವರದೇ ಧ್ವನಿಯಲ್ಲಿ. ಹಿಂದೆ ಎಲ್ಲೋ ಮಿಕ್ಸಿಯ ಶಬ್ದ, ಮೊಮ್ಮಕ್ಕಳ ಗಲಾಟೆ.

"ಮಾಷ್ಟ್ರೇ, ಕೆಲಸಕ್ಕೆ ಇನ್ನು ಬರ್ಲಿಕ್ಕಾಗುದಿಲ್ಲ, ಖಲಾಸ್. ಸಾಹೇಬನಿಗೆ ಸಲಾಂ ಹೇಳಿ. ನಮಾಜಿಗೆ ಮಗ ಒಂದು ಕುರ್ಚಿ ತಂದುಕೊಟ್ಟಿದ್ದಾನೆ. ಪಳ್ಳಿಯಲ್ಲಿ ಹಿಂದಿನ ಸಾಲಲ್ಲಿ ಹಾಕಿಕೊಂಡು ಕೂರ್ತೇನೆ, ಅಡ್ಡಿಯಿಲ್ಲ. ದುವಾ ಮಾಡುವಾಗ ನಿಮಗೂ ಕೇಳ್ತೇನೆ. ಅಷ್ಟು ದೊಡ್ಡ ಸಭೆಯಲ್ಲಿ, ಅಷ್ಟು ದೊಡ್ಡ ಜನರ ಎದುರು, ಹೆದರದೆ ನನ್ನ ಮಾತು ಹೇಳಿದ್ದು ನೀವೊಬ್ಬರೇ ಅಲ್ವಾ."